ಅಲುಗದ ಸ್ವರ

ಕೇಳುಗರಿಗೆ ನಮಸ್ಕಾರ. ಜಪಾನಿನ ಒಬ್ಬ ನಟಿ ತನ್ನ ಹದಿನೇಳನೆಯ ವಯಸ್ಸಿನಲ್ಲಿ ಹಾಡಿದ ಮೊದಲ ಹಾಡಿನ ಕುರಿತು ಇಂದು ಮಾತನಾಡಲಿದ್ದೇನೆ. ನಟಿಯ ಹೆಸರು ಯಾಕುಶಿಮಾರು ಹಿರೋಕೊ. ಅಲ್ಲಿಯ ಪದ್ಧತಿಯಂತೆ ಮನೆತನದ ಹೆಸರನ್ನು ಮೊದಲು ಹೇಳುತ್ತಿದ್ದೇನೆ. ಹಾಡು ಬಿಡುಗಡೆಯಾದದ್ದು 1981ರ ನವೆಂಬರ್ ತಿಂಗಳಲ್ಲಿ. ನಾನು ಹೇಳಬೇಕೆಂದಿರುವುದು ಒಂದೇ ಮಾತು: ಆ ಹುಡುಗಿ ಗಾಯಕಿಯಂತೆ ಹಾಡಲು ಹೋಗಲಿಲ್ಲ, ಅದಕ್ಕಾಗಿಯೇ ಆ ಹಾಡು ಉಳಿದಿದೆ.

ಸಿನಿಮಾ ಹಾಡುಗಳನ್ನು ಹಾಡುವ ಬಹುಪಾಲು ಗಾಯಕರು ಒಂದು ದೀರ್ಘ ಸ್ವರವನ್ನು ಹಿಡಿದಾಗ ಕೊನೆಯಲ್ಲಿ ದನಿಯನ್ನು ತುಸು ನಡುಗಿಸುತ್ತಾರೆ. ಯಾಕುಶಿಮಾರು ನಡುಗಿಸುವುದಿಲ್ಲ. ಶಾಲೆಯ ಪ್ರಾರ್ಥನೆಗೆ ಮುಂದಿನ ಸಾಲಿನಲ್ಲಿ ನಿಂತ ಹುಡುಗಿಯಂತೆ ಪ್ರತಿ ಅಕ್ಷರವನ್ನೂ ಬಿಡಿಸಿ, ಸ್ವರವನ್ನು ನೆಟ್ಟಗೆ ಹಿಡಿದು, ಮುಗಿದ ಕಡೆ ಹಾಗೆಯೇ ಬಿಟ್ಟುಬಿಡುತ್ತಾರೆ. ನನ್ನ ಜಪಾನೀ ಭಾಷೆಯ ತರಗತಿಯಲ್ಲಿ ಇದನ್ನು ಕೇಳಿಸಿದಾಗಲೆಲ್ಲ, ಸಂಗೀತ ಕಲಿತ ಯಾರಾದರೊಬ್ಬರು, "ಮೇಡಂ, ಇದರಲ್ಲಿ ಗಮಕವೇ ಇಲ್ಲವಲ್ಲ" ಎನ್ನುತ್ತಾರೆ. ಇಲ್ಲ, ನಿಜ. ಆದರೆ ಅದು ಕೊರತೆಯೆಂದು ಹೇಳುವವರೊಡನೆ ನಾನು ವರ್ಷಗಳಿಂದ ವಾದಿಸುತ್ತಲೇ ಇದ್ದೇನೆ.

ಹಾಡಿನ ಹೆಸರು 'ಸೇರಾಫುಕು ತೊ ಕಿಕಾಂಜೂ'. ನಾವಿಕರ ಅಂಗಿಯ ಕಾಲರಿನಂಥ ಕಾಲರ್ ಇರುವ, ಅಲ್ಲಿಯ ಹೆಣ್ಣುಮಕ್ಕಳ ಶಾಲೆಯ ಸಮವಸ್ತ್ರ ಮತ್ತು ಮೆಷಿನ್ ಗನ್ ಎಂದು ಇದರ ಅರ್ಥ. ಅಕಾಗಾವಾ ಜಿರೋ ಅವರ ಇದೇ ಹೆಸರಿನ ಕಾದಂಬರಿಯನ್ನು ಸೋಮಾಯ್ ಶಿಂಜಿ ಚಿತ್ರವಾಗಿ ನಿರ್ದೇಶಿಸಿದರು. ತಂದೆಯನ್ನು ಕಳೆದುಕೊಂಡ ಹೈಸ್ಕೂಲು ಹುಡುಗಿಯೊಬ್ಬಳು ಬೆರಳೆಣಿಕೆಯ ಜನರಿರುವ ಒಂದು ಯಾಕುಜಾ ತಂಡಕ್ಕೆ, ಅಂದರೆ ರೌಡಿಗಳ ಗುಂಪಿಗೆ, ಒಡತಿಯಾಗಬೇಕಾಗುತ್ತದೆ; ತನ್ನನ್ನು ನಂಬಿದವರನ್ನು ಒಬ್ಬೊಬ್ಬರನ್ನಾಗಿ ಕಳೆದುಕೊಳ್ಳುತ್ತಾಳೆ. ಕೊನೆಗೆ ಗುಂಡಿನ ಮಳೆಗರೆಯುವ ಆ ಪ್ರಸಿದ್ಧ ದೃಶ್ಯದ ಚಿತ್ರೀಕರಣದಲ್ಲಿ ಸಿಡಿದ ಗಾಜಿನ ಚೂರು ನಟಿಯ ಮುಖವನ್ನು ನಿಜವಾಗಿಯೇ ಗೀರಿತು, ಆ ರಕ್ತ ಚಿತ್ರದಲ್ಲಿ ಹಾಗೆಯೇ ಉಳಿದಿದೆ.

ಈಗ ನನಗೆ ಅತ್ಯಂತ ಪ್ರಿಯವಾದ ಪ್ರಸಂಗಕ್ಕೆ ಬರುತ್ತೇನೆ. ಈ ಹಾಡು ಮೊದಲಿಗೆ ಆಕೆಯದಾಗಿರಲೇ ಇಲ್ಲ. ರಾಗ ಹಾಕಿದವರು ಕಿಸುಗಿ ತಕಾವೊ, ಸಾಹಿತ್ಯ ಬರೆದವರು ಅವರ ಸ್ವಂತ ಅಕ್ಕ ಎತ್ಸುಕೊ, ಹಾಡಬೇಕಾಗಿದ್ದವರೂ ತಕಾವೊ ಅವರೇ. ಹಾಡಿಗೆ 'ಯುಮೆ ನೊ ತೊಚೂ', ಅಂದರೆ 'ಕನಸಿನ ನಡುದಾರಿಯಲ್ಲಿ' ಎಂಬ ಹೆಸರನ್ನೂ ಇಟ್ಟಾಗಿತ್ತು. ಅಷ್ಟರಲ್ಲಿ ಚಿತ್ರದವರು, ನಾಯಕಿಯೇ ಹಾಡಲಿ, ಹಾಡಿಗೂ ಚಿತ್ರದ ಹೆಸರನ್ನೇ ಇಡೋಣ ಎಂದು ತೀರ್ಮಾನಿಸಿಬಿಟ್ಟರು. ಪುಸ್ತಕ, ಚಿತ್ರ, ಹಾಡು ಮೂರನ್ನೂ ಒಂದೇ ಹೆಸರಿನಲ್ಲಿ ಮಾರುವುದು ಚಿತ್ರದ ಹಿಂದಿದ್ದ ಕಾದೊಕಾವಾ ಸಂಸ್ಥೆಯ ವ್ಯಾಪಾರದ ರೀತಿಯಾಗಿತ್ತು. ಅಕ್ಕ ತಮ್ಮ ಕೂಡಿ ಕಟ್ಟಿದ ಹಾಡು ತಮ್ಮನ ಬಾಯಿಂದ ಜಾರಿ, ಅಲ್ಲಿಯವರೆಗೆ ಒಂದು ಹಾಡನ್ನೂ ಹೊರತರದ ಶಾಲಾ ಹುಡುಗಿಯ ಪಾಲಾಯಿತು. ತಕಾವೊ ಅವರಿಗೆ ನೋವಾಯಿತು. ಯಾರಿಗಾದರೂ ಆಗದೆ ಇರುತ್ತದೆಯೆ? ಕೊನೆಗೆ ಅವರೂ ತಮ್ಮ ದನಿಯಲ್ಲಿ, ಹಳೆಯ ಹೆಸರಿನಲ್ಲೇ, ಸಾಹಿತ್ಯದಲ್ಲಿ ಅಲ್ಪಸ್ವಲ್ಪ ವ್ಯತ್ಯಾಸದೊಡನೆ, ಅದೇ ನವೆಂಬರಿನಲ್ಲಿ ಬೇರೊಂದು ಧ್ವನಿಮುದ್ರಿಕೆಯನ್ನು ತಂದರು.

ಹೀಗಾಗಿ ಒಂದೇ ರಾಗ, ಎರಡು ದನಿಗಳು, ಒಂದೇ ತಿಂಗಳು. ದಯವಿಟ್ಟು ಎರಡನ್ನೂ ಒಂದರ ಹಿಂದೆ ಒಂದು ಕೇಳಿ. ಹಾಡು ಅಗಲಿಕೆಯ ಕುರಿತದ್ದು. ತಕಾವೊ ಅವರ ಮೆದುವಾದ, ತುಂಬು ದನಿಯಲ್ಲಿ ಎಂದೋ ಆಗಿಹೋದ ಅಗಲಿಕೆಯನ್ನು ನಡುವಯಸ್ಸಿನ ಒಬ್ಬ ಗಂಡಸು ನೆನೆಯುತ್ತಿರುವಂತೆ ಕೇಳುತ್ತದೆ. ಯಾಕುಶಿಮಾರು ಹಾಡಿದಾಗ ಆ ಅಗಲಿಕೆ ಇದೀಗ ಕಣ್ಣೆದುರು ನಡೆಯುತ್ತಿರುತ್ತದೆ. ಅಳಬೇಕೋ ಬೇಡವೋ ಎಂದು ತಿಳಿಯದ ಹುಡುಗಿ ಬೆನ್ನು ನೆಟ್ಟಗೆ ಮಾಡಿಕೊಂಡು ನಿಂತಿರುತ್ತಾಳೆ. ಚಿತ್ರದಲ್ಲಿ ತನ್ನವರನ್ನೆಲ್ಲ ಕಳೆದುಕೊಂಡವಳೇ ಇಲ್ಲಿ ಹಾಡುತ್ತಿದ್ದಾಳೆ. ಆ ಸ್ವರ ನಡುಗಿದ್ದರೆ ಅವಳು ಮಾಯವಾಗಿ ಗಾಯಕಿಯೊಬ್ಬಳು ಉಳಿಯುತ್ತಿದ್ದಳು. ಆದ್ದರಿಂದಲೇ ಮತ್ತೆ ಹೇಳುತ್ತೇನೆ, ಆಕೆ ಗಾಯಕಿಯಂತೆ ಹಾಡಲು ಹೋಗಲಿಲ್ಲ.

ತಕಾವೊ ಅವರ ಮುದ್ರಿಕೆಯೂ ಜನಪ್ರಿಯವಾಯಿತು. ಯಾಕುಶಿಮಾರು ಅವರದು ಮಾರಾಟದ ಪಟ್ಟಿಯಲ್ಲಿ ಮೊದಲನೆಯ ಸ್ಥಾನಕ್ಕೇರಿ, ಎಂಟು ಲಕ್ಷಕ್ಕೂ ಮಿಕ್ಕಿ ಮಾರಾಟವಾಯಿತು. ಮುಖ ನೋಡಿ ಕೊಂಡರು ಎಂದು ಹೇಳುವವರು ಇಂದಿಗೂ ಇದ್ದಾರೆ. ಮುಖ ನೋಡಿ ಕೊಂಡ ಹಾಡನ್ನು ಮೂವತ್ತೈದು ವರ್ಷಗಳಾದ ಮೇಲೆ ಯಾರೂ ಮತ್ತೆ ಹಾಡಿಸುವುದಿಲ್ಲ. ಇದನ್ನು 2006ರಲ್ಲಿ ನಾಗಾಸಾವಾ ಮಸಾಮಿ ಹಾಡಿದರು, 2016ರಲ್ಲಿ ಹಾಶಿಮೊತೊ ಕನ್ನಾ ಹಾಡಿದರು, ಇಬ್ಬರೂ ಅದೇ ಪಾತ್ರವನ್ನು ವಹಿಸಿದ ನಟಿಯರು.

ಸಮಯ ಮುಗಿಯುತ್ತ ಬಂದಿದೆ. 1983 ಮತ್ತು 1984ರಲ್ಲಿ ಆಕೆ ಹಾಡಿದ ಚಿತ್ರಗೀತೆಗಳ ವಿಷಯವನ್ನು ಬಿಡುತ್ತೇನೆ, ಆದರೆ 2013ರ 'ಅಮಾಚಾನ್' ಧಾರಾವಾಹಿಯನ್ನು ಬಿಡಲಾರೆ. ನಟ ತುಟಿಯಾಡಿಸುವುದು, ಹಿನ್ನೆಲೆ ಗಾಯಕರು ಹಾಡುವುದು ನಮ್ಮ ಸಿನಿಮಾದಲ್ಲಿ ಸಹಜ. 1974ರ 'ಸಂಪತ್ತಿಗೆ ಸವಾಲ್' ಚಿತ್ರಕ್ಕೆ ರಾಜ್‌ಕುಮಾರ್ ತಾವೇ ಹಾಡಿದ್ದು ಇಂದಿಗೂ ಸುದ್ದಿಯಾಗಿ ಉಳಿದಿದೆ. ಜಪಾನಿನಲ್ಲಿ ಇದು ತಲೆಕೆಳಗು. 'ಅಮಾಚಾನ್' ಕತೆಯಲ್ಲಿ ಯಾಕುಶಿಮಾರು ವಹಿಸಿದ್ದು ಸುಜುಕಾ ಹಿರೋಮಿ ಎಂಬ ಶ್ರುತಿಜ್ಞಾನವಿಲ್ಲದ ನಟಿಯ ಪಾತ್ರ. ಆ ನಟಿಯ ಮೊದಲ ಹಾಡನ್ನು ಅವಳ ಬದಲು ಬೇರೊಬ್ಬ ಹುಡುಗಿ ಗುಟ್ಟಾಗಿ ಹಾಡಿರುತ್ತಾಳೆ, ಆ ಗುಟ್ಟು ದಶಕಗಳ ಕಾಲ ಇಬ್ಬರನ್ನೂ ಕಾಡುತ್ತದೆ. ಕೊನೆಯಲ್ಲಿ, 2011ರ ಸುನಾಮಿಯ ಪೆಟ್ಟು ತಿಂದ ಇವಾತೆ ಕರಾವಳಿಯ ಒಂದು ಪುಟ್ಟ ಊರಿನಲ್ಲಿ, ಊರ ಜನರೆದುರು ಅವಳು ಆ ಹಾಡನ್ನು ತಾನೇ ಹಾಡುತ್ತಾಳೆ. 2013ರ ಡಿಸೆಂಬರ್ 31ರ ರಾತ್ರಿ, ದೇಶವೆಲ್ಲ ನೋಡುವ ಕೋಹಾಕು ಎಂಬ ವರ್ಷಾಂತ್ಯದ ಹಾಡಿನ ಟಿವಿ ಕಾರ್ಯಕ್ರಮದ ವೇದಿಕೆಯಲ್ಲಿ, ನಲವತ್ತೊಂಬತ್ತರ ಯಾಕುಶಿಮಾರು ಅದನ್ನು ಮತ್ತೊಮ್ಮೆ ಹಾಡಿದರು, ಸ್ವರವನ್ನು ಎಲ್ಲಿಯೂ ನಡುಗಿಸದೆ.