ಕೂಗಿ ಹೇಳುವ ತಪ್ಪು, ಸುಮ್ಮನಿರುವ ತಪ್ಪು

ನಮಸ್ಕಾರ. ಪೈಥಾನ್ ಪ್ರೋಗ್ರಾಮಿಂಗ್ ಭಾಷೆಯ ಹಳೆಯ ಆವೃತ್ತಿಯಾದ ಪೈಥಾನ್ 2ರಲ್ಲಿ ಬರೆದ ಕೋಡನ್ನು ಪೈಥಾನ್ 3ಕ್ಕೆ ತರುವ ಕೆಲಸ ಕೈಗೆ ಬಂದಾಗ ನಮ್ಮಲ್ಲಿ ಹೆಚ್ಚಿನವರು ಮೊದಲು ಹುಡುಕುವುದು, ತೆರೆಯ ಮೇಲೆ ಬರೆಯುವ ಆದೇಶವಾದ ಪ್ರಿಂಟ್ ಎಲ್ಲೆಲ್ಲಿದೆ ಎಂಬುದನ್ನು. 2008ರ ಡಿಸೆಂಬರ್‌ನಲ್ಲಿ ಬಂದ 3.0 ಆವೃತ್ತಿ ಪ್ರಿಂಟನ್ನು ಫಂಕ್ಷನ್ ಆಗಿ ಬದಲಾಯಿಸಿದ್ದರಿಂದ, ಆವರಣ ಚಿಹ್ನೆಯಿಲ್ಲದ ಹಳೆಯ ಸಾಲು ಒಂದೇ ಒಂದು ಉಳಿದಿದ್ದರೂ ಆ ಫೈಲ್ ಓಡುವುದಿಲ್ಲ. ಆದರೆ ಓಡದೆ ನಿಲ್ಲುವ ಕೋಡಿಗೆ ಹೆದರಬೇಕಾಗಿಲ್ಲ ಎಂಬುದು ನನ್ನ ವಾದ. ಅದು ಫೈಲಿನ ಹೆಸರನ್ನೂ ಸಾಲಿನ ಸಂಖ್ಯೆಯನ್ನೂ ತಾನೇ ಕೂಗಿ ಹೇಳುತ್ತದೆ. ತಿದ್ದುವುದು ಬೇಸರದ ಕೆಲಸವೇ ಹೊರತು ಕಷ್ಟದ್ದಲ್ಲ. ಹೆದರಬೇಕಾದದ್ದು, ರೂಪ ಹಾಗೆಯೇ ಇದ್ದು ಅರ್ಥ ಮಾತ್ರ ಬದಲಾದ ಸಾಲುಗಳಿಗೆ.

ಭಾಗಾಕಾರವನ್ನೇ ನೋಡಿ. ಪೈಥಾನ್ 2ರಲ್ಲಿ 5/2 ಎಂದರೆ 2. ಪೈಥಾನ್ 3ರಲ್ಲಿ 2.5. ಪುಟಕ್ಕೆ 10 ಸಾಲಿನಂತೆ 45 ಸಾಲುಗಳಿಗೆ ಎಷ್ಟು ಪುಟ ಬೇಕೆಂದು ಲೆಕ್ಕ ಹಾಕಲು, ಭಾಗಿಸಿ ಒಂದು ಕೂಡಿಸುವ ಹಳೆಯ ಕೋಡ್ 5 ಎನ್ನುತ್ತಿತ್ತು. ಹೊಸ ಆವೃತ್ತಿಯಲ್ಲಿ ಅದೇ ಸಾಲು, ಯಾವ ತಕರಾರೂ ಇಲ್ಲದೆ, ಐದೂವರೆ ಪುಟ ಎನ್ನುತ್ತದೆ. ದಶಮಾಂಶವನ್ನು ಹತ್ತಿರದ ಪೂರ್ಣಾಂಕಕ್ಕೆ ತರುವ ರೌಂಡ್ ಫಂಕ್ಷನ್ ಇನ್ನೂ ಸೂಕ್ಷ್ಮ. 2.5ನ್ನು ಕೊಟ್ಟರೆ ಪೈಥಾನ್ 2 ಮೇಲಕ್ಕೆ ಹೋಗಿ 3 ಮಾಡುತ್ತಿತ್ತು. ಪೈಥಾನ್ 3 ಸರಿಯಾಗಿ ಅರ್ಧ ಬಂದಾಗ ಹತ್ತಿರದ ಸಮಸಂಖ್ಯೆಗೆ ಹೋಗುವುದರಿಂದ 2 ಮಾಡುತ್ತದೆ. ಹಣದ ಲೆಕ್ಕದಲ್ಲಿ ಹೀಗಾದರೆ ತಿಂಗಳ ಕೊನೆಯಲ್ಲಿ ಒಂದು ರೂಪಾಯಿ ಎಲ್ಲಿ ಹೋಯಿತೆಂದು ಹುಡುಕುವವರು ಪ್ರೋಗ್ರಾಮರ್‌ಗಳಾಗಿರುವುದಿಲ್ಲ, ಲೆಕ್ಕಪತ್ರ ವಿಭಾಗದವರಾಗಿರುತ್ತಾರೆ.

ಕನ್ನಡದ ಪಠ್ಯದೊಡನೆ ಕೆಲಸ ಮಾಡುವವರಿಗಂತೂ ಇದು ನೇರವಾಗಿ ತಟ್ಟುವ ವಿಷಯ. ‘ಕನ್ನಡ’ ಎಂಬ ಪದವನ್ನು ಯುಟಿಎಫ್-8 (ಕನ್ನಡದ ಒಂದೊಂದು ಸಂಕೇತವನ್ನೂ ಮೂರು ಬೈಟ್‌ಗಳಲ್ಲಿ ಉಳಿಸುವ ವಿಧಾನ) ಫೈಲಿನಲ್ಲಿ ಸಾಮಾನ್ಯ ಸ್ಟ್ರಿಂಗ್ ಆಗಿ, ಅಂದರೆ ಬರಿಯ ಪಠ್ಯವಾಗಿ, ಬರೆದು ಅದರ ಉದ್ದ ಕೇಳಿದರೆ ಪೈಥಾನ್ 2 ಬೈಟ್‌ಗಳನ್ನು ಎಣಿಸಿ 15 ಎನ್ನುತ್ತಿತ್ತು. ಪೈಥಾನ್ 3 ಯೂನಿಕೋಡ್ ಸಂಕೇತಗಳನ್ನು ಎಣಿಸಿ 5 ಎನ್ನುತ್ತದೆ. (ನಮ್ಮ ಕಣ್ಣಿಗೆ ಕಾಣುವುದು ಮೂರೇ ಅಕ್ಷರ, ಆ ಜಗಳ ಬೇರೆಯೇ ಇದೆ.) ಡೇಟಾಬೇಸಿನ ಅಂಕಣಕ್ಕೆ ಮೂವತ್ತು ಬೈಟ್‌ಗಳ ಮಿತಿಯಿದ್ದು, ಹೆಸರಿನ ಉದ್ದ ಮೂವತ್ತರೊಳಗಿದೆಯೇ ಎಂದು ಪರಿಶೀಲಿಸುವ ಒಂದು ಸಾಲು ನಿಮ್ಮ ಕೋಡಿನಲ್ಲಿದ್ದರೆ, ಆವೃತ್ತಿ ಬದಲಾದ ಮೇಲೆ ಅದು ತೊಂಬತ್ತು ಬೈಟ್‌ಗಳ ಕನ್ನಡದ ಹೆಸರನ್ನೂ ಒಳಗೆ ಬಿಟ್ಟುಬಿಡುತ್ತದೆ. ಟೆಸ್ಟ್‌ಗಳಲ್ಲಿ ಇಂಗ್ಲಿಷ್ ಹೆಸರುಗಳನ್ನಷ್ಟೇ ಹಾಕಿದ್ದವರಿಗೆ ಇದು ಕಾಣುವುದೇ ಇಲ್ಲ.

ಹಾಗಾದರೆ ಮಾಡಬೇಕಾದದ್ದೇನು? ಟೂ-ಟು-ತ್ರೀ ಎಂಬ ಪರಿವರ್ತನೆಯ ಉಪಕರಣ ಪೈಥಾನ್ ಜೊತೆಗೇ ಬರುತ್ತಿತ್ತು, 2024ರ 3.13ರಲ್ಲಿ ಅದನ್ನು ತೆಗೆದುಹಾಕಿದರು. ಅದು ರೂಪವನ್ನು ತಿದ್ದುತ್ತದೆ. ಆ ಭಾಗಾಕಾರದಿಂದ ನೀವು ಬಯಸಿದ್ದೇನು ಎಂಬುದು ಅದಕ್ಕೆ ತಿಳಿಯದು. ಆದ್ದರಿಂದ ಹಳೆಯ ಆವೃತ್ತಿ ಇನ್ನೂ ಓಡುತ್ತಿರುವಾಗಲೇ ಅರ್ಥವನ್ನು ತಿದ್ದಬೇಕು ಎನ್ನುತ್ತೇನೆ. ಪೈಥಾನ್ 2.7ನ್ನು -3 ಎಂಬ ಆಯ್ಕೆಯೊಡನೆ ಓಡಿಸಿದರೆ ಪೂರ್ಣಾಂಕಗಳ ಹಳೆಯ ಭಾಗಾಕಾರ ನಡೆದಲ್ಲೆಲ್ಲ ಎಚ್ಚರಿಕೆ ಕೊಡುತ್ತದೆ. ಆ ಸಾಲುಗಳಲ್ಲಿ ಪೂರ್ಣಾಂಕವೇ ಬೇಕಿದ್ದರೆ ಎರಡು ಓರೆಗೆರೆ ಹಾಕಿ, ಹೊಸ ಆವೃತ್ತಿಯ ನಡವಳಿಕೆಯನ್ನು ಹಳೆಯದರಲ್ಲೇ ಒದಗಿಸುವ ಫ್ಯೂಚರ್ ಮಾಡ್ಯೂಲಿನಿಂದ ಹೊಸ ಭಾಗಾಕಾರವನ್ನು ಒಂದೊಂದೇ ಫೈಲಿಗೆ ತಂದು, ಉತ್ತರಗಳನ್ನು ಹಳೆಯವುಗಳೊಡನೆ ಹೋಲಿಸಿದ ಮೇಲೆ ದಾಟಿದರೆ ಸಾಕು.

ಇದು ಪೈಥಾನ್ 2ರೊಡನೆ ಮುಗಿದ ಕಥೆಯೂ ಅಲ್ಲ. ಕಲೆಕ್ಷನ್ಸ್ ಮಾಡ್ಯೂಲಿನ ಕೆಲವು ಹೆಸರುಗಳನ್ನು ಕೈಬಿಡುವುದಾಗಿ 2012ರ 3.3ರಲ್ಲೇ ಪ್ರಕಟಿಸಿದ್ದರು, ತೆಗೆದದ್ದು 2021ರ 3.10ರಲ್ಲಿ. ಒಂಬತ್ತು ವರ್ಷ ಕಾದ ಮೇಲೂ ಅನೇಕರ ಕೋಡ್ ಮುರಿಯಿತು. ಇಂಥ ಎಚ್ಚರಿಕೆಗಳು ಸಾಮಾನ್ಯವಾಗಿ ಮರೆಯಾಗಿಯೇ ಇರುತ್ತವೆ ಎಂಬುದು ಇದಕ್ಕೆ ಒಂದು ಕಾರಣ. ಬಳಕೆದಾರರಿಂದ ಅವನ್ನು ಮರೆಮಾಡುವುದು ಸರಿ, ಆದರೆ ಟೆಸ್ಟ್ ಓಡಿಸುವಾಗ ಎಚ್ಚರಿಕೆಯನ್ನೇ ತಪ್ಪೆಂದು ಪರಿಗಣಿಸುವಂತೆ ಹೊಂದಿಸದ ತಂಡದ ಬಗ್ಗೆ ನನಗೆ ಸಹಾನುಭೂತಿ ಕಡಿಮೆ.

ಕೊನೆಯದಾಗಿ, ಟ್ರೈ ಎಂಬ ಭಾಗದಲ್ಲಿ ಬಂದ ತಪ್ಪನ್ನು ಹಿಡಿಯುವ ಎಕ್ಸೆಪ್ಟ್ ಸಾಲು. ಪೈಥಾನ್ 2ರಲ್ಲಿ ಎಕ್ಸೆಪ್ಟ್ ವ್ಯಾಲ್ಯೂ-ಎರರ್ ಎಂದು ಬರೆದು ಅಲ್ಪವಿರಾಮದ ನಂತರ ಇ ಎಂದು ಹಾಕಿದರೆ, ಸಿಕ್ಕಿದ ತಪ್ಪಿಗೆ ಇ ಎಂದು ಹೆಸರಿಡು ಎಂದರ್ಥ. ಪೈಥಾನ್ 3ರಲ್ಲಿ ಅದು ಸಿಂಟ್ಯಾಕ್ಸ್ ದೋಷವಾಗಿ ಕೂಗುತ್ತಿತ್ತು. 2025ರ ಅಕ್ಟೋಬರ್‌ನಲ್ಲಿ ಬಂದ 3.14 ಆವರಣವಿಲ್ಲದೆ ಹಲವು ತಪ್ಪುಗಳನ್ನು ಒಟ್ಟಿಗೆ ಹಿಡಿಯಲು ಅದೇ ಅಲ್ಪವಿರಾಮಕ್ಕೆ ಅನುಮತಿ ಕೊಟ್ಟಿದೆ. ಹದಿನೇಳು ವರ್ಷ ಕೂಗುತ್ತಿದ್ದ ಸಾಲು, ಇ ಎಂಬುದು ಹಿಡಿಯಬೇಕಾದ ಇನ್ನೊಂದು ತಪ್ಪಿನ ಹೆಸರೆಂಬಂತೆ, ಈಗ ಸದ್ದಿಲ್ಲದೆ ಒಳಗೆ ಬರುತ್ತದೆ. ಟ್ರೈ ಭಾಗದಲ್ಲಿ ನಿಜವಾಗಿ ಏನಾದರೂ ತಪ್ಪಿದ ದಿನ ಮಾತ್ರ, ಇ ಎಂಬ ಹೆಸರೇ ಗೊತ್ತಿಲ್ಲವೆಂದು ಇನ್ನೊಂದು ತಪ್ಪನ್ನು ಎಸೆಯುತ್ತದೆ.