ಅಪ್ಪ ಗ್ರಾಮಸಭೆಗೆ ಹೋದ ಭಾನುವಾರ

ಕೇಳುಗರಿಗೆ ನಮಸ್ಕಾರ.

ನಮ್ಮ ಅಪ್ಪ ಗದಗ ಸೀಮೆಯಿಂದ ಗೋವೆಗೆ ಬಂದ ಗೌಂಡಿ. ಬಾರ್ದೇಶ ತಾಲೂಕಿನ ನಮ್ಮ ಹಳ್ಳಿಯಲ್ಲಿ ಅವರು ಚಿರೆಕಲ್ಲು ಇಟ್ಟು ಗೋಡೆ ಎಬ್ಬಿಸದ ಓಣಿಯೇ ಇಲ್ಲ. ಅಂಥವರು ‘ಇಲ್ಲಿ ಕಟ್ಟುವುದು ಬೇಡ’ ಎಂಬ ಕಾಗದಕ್ಕೆ ಸಹಿ ಹಾಕಿದ ಕತೆ ಇದು.

ಊರಿನ ಬೆನ್ನಿಗೆ ಗೇರುಮರಗಳ ಗುಡ್ಡವಿದೆ. ದಾಖಲೆಯಲ್ಲಿ ಅದು ತೋಟದ ವಲಯ. ಅದನ್ನು ವಸತಿ ವಲಯವಾಗಿ ಬದಲಿಸಿಕೊಡಿ ಎಂದು ಒಂದು ಅರ್ಜಿ ಹೋಗಿತ್ತು. ವಿಲ್ಲಾಗಳು ಬರಲಿದ್ದವು, ಪ್ರತಿಯೊಂದಕ್ಕೂ ಈಜುಕೊಳ. ಗೋವೆಯ ನಗರ ಮತ್ತು ಗ್ರಾಮ ಯೋಜನಾ ಕಾಯಿದೆಗೆ 2024ರಲ್ಲಿ ಸೇರಿದ 39ಎ ಕಲಮಿನಂತೆ ಇಂಥ ಅರ್ಜಿಗೆ ಆಕ್ಷೇಪ ಸಲ್ಲಿಸಲು ಜನರಿಗೆ 30 ದಿನ ಸಿಗುತ್ತಿತ್ತು. ಪ್ರಕಟಣೆಯಲ್ಲಿ ಸರ್ವೆ ನಂಬರು ಇತ್ತು, ಚದರ ಮೀಟರಿತ್ತು. ಗುಡ್ಡ ಎಂಬ ಮಾತಿರಲಿಲ್ಲ. ಆ ನಂಬರೆಂದರೆ ನಮ್ಮ ಬಾವಿಯ ನೆತ್ತಿಯ ಮೇಲಿನ ಜಾಗ ಎಂದು ಗೊತ್ತಾಗುವಷ್ಟರಲ್ಲಿ 11 ದಿನ ಕಳೆದಿದ್ದವು.

ಗೊತ್ತು ಮಾಡಿದವರು ನೆರೆಮನೆಯ ನಿವೃತ್ತ ಶಿಕ್ಷಕಿ. ಅವರ ಬಲ್ಕಾಂವದಲ್ಲಿ, ಎಂದರೆ ಗೋವೆಯ ಮನೆಗಳ ಮುಂದಿನ ಆ ಕಟ್ಟೆಯಲ್ಲಿ, ಸಂಜೆ ಹೊತ್ತು ಆಕ್ಷೇಪಣೆ ಬರೆಯುವ ಕೆಲಸ ನಡೆಯಿತು. ಒಂದು ದಿನ ಅವರು ನಮ್ಮ ಬಾಡಿಗೆ ಕೋಣೆಗಳ ಸಾಲಿಗೂ ಬಂದರು. ಕನ್ನಡದವರೆಲ್ಲ ಹೊಸ್ತಿಲಲ್ಲೇ ನಿಂತರು. ಕೂಲಿ ಕೊಡುವವನ ವಿರುದ್ಧ ಸಹಿ ಹಾಕುವುದು ಹೇಗೆ? ಹಾಕಿದರೂ ‘ಘಾಂಟಿ’ ಎಂದು, ಘಟ್ಟದಾಚೆಯಿಂದ ಬಂದವರನ್ನು ಹೀಗಳೆಯುವ ಆ ಮಾತಿನಿಂದ, ಕರೆಸಿಕೊಳ್ಳುವುದು ತಪ್ಪುತ್ತದೆಯೇ? 2006ರ ಡಿಸೆಂಬರಿನಲ್ಲಿ ಪ್ರಾದೇಶಿಕ ಯೋಜನೆಯ, ಎಂದರೆ ಯಾವ ಜಾಗ ಯಾವ ಬಳಕೆಗೆ ಎಂದು ಗೊತ್ತುಮಾಡುವ ನಕ್ಷೆಯ, ವಿರುದ್ಧ ಗೋವಾ ಬಚಾವ್ ಅಭಿಯಾನದವರು ಪಣಜಿಯ ಆಜಾದ್ ಮೈದಾನದಲ್ಲಿ ಸೇರಿದ್ದಾಗ ನಮ್ಮವರು ಸ್ಲ್ಯಾಬ್ ಹಾಕುತ್ತಿದ್ದರು. ಮರುವರ್ಷ ಸರ್ಕಾರ ಆ ಯೋಜನೆಯನ್ನು ಕೈಬಿಟ್ಟಿತು. ನಮಗೆ ಅದು ಯಾರದೋ ಮನೆಯ ಸುದ್ದಿ.

ಶಿಕ್ಷಕಿ ವಾದ ಮಾಡಲಿಲ್ಲ. “ನೀರು ಎಲ್ಲಿಂದ ತರುತ್ತೀರಿ?” ಎಂದು ಕೇಳಿದರು, ಅಷ್ಟೇ.

ಗ್ರಾಮಸಭೆ ಭಾನುವಾರ ಇತ್ತು. ಅಲ್ಲಿ ಮಾತಾಡಲು ಪಂಚಾಯತಿಯ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕು. ಅಪ್ಪನ ಹೆಸರು ಎಷ್ಟೋ ವರ್ಷದಿಂದ ಇದೆ. ಸಭೆಗೆ ಕಾಲಿಟ್ಟದ್ದು ಮಾತ್ರ ಅಂದೇ ಮೊದಲು. ಅವರು ಎದ್ದು ನಿಂತಾಗ ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಗದಗಿನ ಎಳೆತವಿರುವ ಕೊಂಕಣಿಯಲ್ಲಿ ಅಪ್ಪ ಹೇಳಿದ್ದು ಇಷ್ಟು: “ಚಿರೆಕಲ್ಲು ತೂತು ತೂತಾದ ಕಲ್ಲು. ಮಳೆಗಾಲದ ನೀರನ್ನು ಕುಡಿದು ಇಟ್ಟುಕೊಂಡು, ಬೇಸಿಗೆಯಲ್ಲಿ ಕೆಳಗಿನ ಬಾವಿಗೆ ಬಿಡುತ್ತದೆ. ಗುಡ್ಡ ಕತ್ತರಿಸಿದ ಕಡೆ ಬಾವಿ ಫೆಬ್ರುವರಿಗೇ ತಳ ಕಾಣುತ್ತದೆ. ನಾನು ನೋಡಿದ್ದೇನೆ. ಕತ್ತರಿಸಿದವರಲ್ಲಿ ನಾನೂ ಇದ್ದೆ.”

ಯಾರೂ ಚಪ್ಪಾಳೆ ತಟ್ಟಲಿಲ್ಲ. ನಗುವೂ ನಿಂತಿತ್ತು.

ವಲಯ ಬದಲಾವಣೆ ಬೇಡ ಎಂಬ ಠರಾವು ಆಯಿತು. ಶಿಕ್ಷಕಿ ಅದನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ, ಸರ್ವೆ ನಂಬರಿನ ಸಮೇತ ಗಟ್ಟಿಯಾಗಿ ಓದಿಸಿದ ಮೇಲೆಯೇ ಕುರ್ಚಿ ಬಿಟ್ಟರು. ಕೂಗಿದ್ದು ಗಾಳಿಗೆ ಹೋಗುತ್ತದೆ ಎಂಬುದು ಅವರ ಅನುಭವ. ಗ್ರಾಮಸಭೆಯ ಠರಾವೊಂದರಿಂದಲೇ ಅರ್ಜಿ ಬಿದ್ದುಹೋಗುವುದಿಲ್ಲ ಎಂಬುದೂ ಅವರಿಗೆ ಗೊತ್ತಿತ್ತು; ಅದಕ್ಕೇ 30 ದಿನದೊಳಗೆ ಮನೆಗೊಂದು ಆಕ್ಷೇಪಣೆಯನ್ನು ಬೇರೆಯಾಗಿ ಕೊಡಿಸಿ, ಸ್ವೀಕೃತಿ ಮೊಹರು ಹಾಕಿಸಿಕೊಂಡು ಬಂದರು. ನಮ್ಮ ಸಾಲಿನಿಂದ ಒಂಬತ್ತು ಹೋದವು. ತೀರ್ಮಾನ ಇನ್ನೂ ಬಂದಿಲ್ಲ.

ಸಭೆಯ ಮರುದಿನ ಸೋಮವಾರ ಅಪ್ಪ ಎಂದಿನಂತೆ ಕರಣೆ, ತೂಗುಗುಂಡು ಚೀಲಕ್ಕೆ ಹಾಕಿಕೊಂಡು, ಕೂಲಿಯವರು ಕೆಲಸಕ್ಕಾಗಿ ಕಾದು ನಿಲ್ಲುವ ನಾಕಾಕ್ಕೆ ಹೋದರು. ಗುತ್ತಿಗೆದಾರ ಆ ವಾರವಿಡೀ ಅವರನ್ನು ಕರೆಯಲಿಲ್ಲ.