ಕಾಯಿನ್ ಸಿಲ್ವರ್ ಚಮಚ: ತೂಗುವ ಮೊದಲು ತಿರುವಿ ನೋಡಿ

(ಅಮೆರಿಕದ ಕನ್ನಡ ಕೂಟವೊಂದರ ತಿಂಗಳ ಸಭೆಯಲ್ಲಿ ಮಾಡಿದ ಉಪನ್ಯಾಸದ ಬರಹರೂಪ)

ಎಲ್ಲರಿಗೂ ನಮಸ್ಕಾರ. ಪರಿಚಯ ಮಾಡಿಕೊಡುವಾಗ ಕಾರ್ಯದರ್ಶಿಗಳು ನನ್ನನ್ನು ‘ಹಳೇ ಬೆಳ್ಳಿ ವ್ಯಾಪಾರಿ’ ಅಂದುಬಿಟ್ಟರು. ವ್ಯಾಪಾರಿ ಅನ್ನಿಸಿಕೊಳ್ಳಬೇಕಾದರೆ ಯಾವತ್ತಾದರೂ ಮಾರಲೂ ಬೇಕು. ನನ್ನದು ಬರೀ ಕೊಳ್ಳುವ ಖಾತೆ. ಮೂರನೇ ಸಾಲಿನಲ್ಲಿ ಕೂತಿರುವ ನಮ್ಮ ಮನೆಯವರು ಇದಕ್ಕೆ ಸಾಕ್ಷಿ.

ಅಮೆರಿಕದ ಹಳೇ ಬೆಳ್ಳಿ ಚಮಚಗಳ ಬಗ್ಗೆ ಈ ಮಾತನ್ನು ಈಗಲೇ ಆಡಬೇಕು ಅಂತ ಹಟ ಹಿಡಿದವನು ನಾನೇ. ಕಾರಣ ಬೆಳ್ಳಿಯ ಧಾರಣೆ. ಧಾರಣೆ ಏರಿದಾಗಲೆಲ್ಲ, ತೀರಿಹೋದವರ ಮನೆ ಸಾಮಾನು ಮಾರುವ ಎಸ್ಟೇಟ್ ಸೇಲ್‌ಗಳಲ್ಲಿ ತಕ್ಕಡಿ ಹೊರಗೆ ಬರುತ್ತದೆ. ಅಜ್ಜಿಯ ಚಮಚಗಳನ್ನು ಒಟ್ಟಿಗೆ ತಟ್ಟೆಗೆ ಸುರಿದು ಇಷ್ಟು ಔನ್ಸು, ಇಷ್ಟು ಡಾಲರು ಅಂತ ಮಾತು ಮುಗಿಯುತ್ತದೆ. 1980ರ ಜನವರಿಯಲ್ಲಿ, ಟೆಕ್ಸಾಸಿನ ಹಂಟ್ ಸೋದರರು ಪೇಟೆಯ ಬೆಳ್ಳಿಯನ್ನೆಲ್ಲ ಬಾಚಿಕೊಳ್ಳಲು ಹೊರಟ ಹೊತ್ತಿನಲ್ಲಿ, ಔನ್ಸಿನ ಬೆಲೆ 50 ಡಾಲರಿನ ಹತ್ತಿರಕ್ಕೆ ಹೋಗಿತ್ತು. ಆಗ ಈ ದೇಶದ ಊಟದ ಮನೆಗಳ ಬೆಳ್ಳಿ ಚೀಲಚೀಲವಾಗಿ ಕುಲುಮೆ ಸೇರಿತು. ಮಾರ್ಚ್ ಮುಗಿಯುವಷ್ಟರಲ್ಲಿ ಬೆಲೆ ದೊಪ್ಪನೆ ಬಿತ್ತು. ಕರಗಿದ್ದು ಕರಗಿಯೇ ಹೋಯಿತು.

ಕಾಯಿನ್ ಸಿಲ್ವರ್ ಅಂದರೆ ಏನು ಅಂತ ಇಲ್ಲಿ ಹೆಚ್ಚಿನವರಿಗೆ ಗೊತ್ತು, ಬೇಗ ಮುಗಿಸುತ್ತೇನೆ. ಸುಮಾರಾಗಿ ನಾಣ್ಯದಷ್ಟೇ ಶುದ್ಧವಾದ ಬೆಳ್ಳಿ. 1837ರ ನಂತರದ ಅಮೆರಿಕದ ನಾಣ್ಯದಲ್ಲಿ ಸಾವಿರಕ್ಕೆ 900 ಪಾಲು ಬೆಳ್ಳಿ, ಮಿಕ್ಕದ್ದು ತಾಮ್ರ. ಅದಕ್ಕೆ ಮುಂಚೆ 892 ಚಿಲ್ಲರೆ. ಸ್ಟರ್ಲಿಂಗ್, ಅಂದರೆ ಇಂಗ್ಲೆಂಡಿನ ಮಟ್ಟದ ಬೆಳ್ಳಿ, ಆದರೆ 925. ಬೆಳ್ಳಿಯ ಗಣಿ ಇಲ್ಲದ ಕಾಲದಲ್ಲಿ ಅಕ್ಕಸಾಲಿಗನಿಗೆ ಲೋಹ ಬರುತ್ತಿದ್ದದ್ದು ಹಳೇ ಸಾಮಾನಿನಿಂದ ಮತ್ತು ಗಿರಾಕಿಯ ಜೇಬಿನಿಂದ. ಆ ಜೇಬಿನಲ್ಲಿ ಇರುತ್ತಿದ್ದದ್ದು ಬಹುಪಾಲು ಸ್ಪೇನಿನ ಡಾಲರು. 1857ರವರೆಗೂ ಅದು ಇಲ್ಲಿ ಕಾನೂನು ಒಪ್ಪಿದ ಹಣ. ನೆವಾಡಾದಲ್ಲಿ ಕಾಮ್‌ಸ್ಟಾಕ್ ಗಣಿ ಸಿಕ್ಕಿದ್ದು 1859ರಲ್ಲಿ. ಬೆಳ್ಳಿ ಸಾಮಾನು ಮಾಡುವ ಗೋರಮ್ ಕಂಪನಿ 1868ರಲ್ಲಿ ಸ್ಟರ್ಲಿಂಗಿಗೆ ಬದಲಾಯಿಸಿತು. ಟಿಫನಿ ಅದಕ್ಕೂ ಮುಂಚೆಯೇ ಬದಲಾಯಿಸಿತ್ತು. ಅಲ್ಲಿಗೆ ನಮ್ಮ ಕಥೆಯ ಕಾಲ ಮುಗಿಯುತ್ತದೆ.

ಈಗ ನನ್ನ ಜಗಳ. ಚಮಚ ಕರಗಿಸಬೇಡಿ ಅಂತ ಹೇಳಿದಾಗಲೆಲ್ಲ ಯಾರಾದರೊಬ್ಬರು ಎದ್ದು ಕೇಳುತ್ತಾರೆ: “ಸ್ವಾಮಿ, ಮೊದಲು ನಾಣ್ಯ ಕರಗಿಸಿ ಚಮಚ ಮಾಡಿದರು, ಈಗ ಚಮಚ ಕರಗಿಸಿ ಗಟ್ಟಿ ಮಾಡುತ್ತಾರೆ, ನಿಮಗೇನು ಕಷ್ಟ?” ಕಷ್ಟ ಇದೆ. ನಾಣ್ಯದ ಮೇಲೆ ಇದ್ದದ್ದು ಸ್ಪೇನಿನ ರಾಜನ ಮುಖ. ಆ ಮುಖ ಲಕ್ಷಾಂತರ ನಾಣ್ಯಗಳ ಮೇಲೆ ಇತ್ತು, ಒಂದು ಕರಗಿದರೆ ಅವನಿಗೇನೂ ನಷ್ಟವಿಲ್ಲ. ಚಮಚವಾದ ಮೇಲೆ ಅದಕ್ಕೆ ಎರಡು ಹೆಸರು ಬಂದವು. ಬೆನ್ನಿನ ಮೇಲೆ ಕೆಲಸಗಾರನ ಮುದ್ರೆ, ಹಿಡಿಯ ಮೇಲೆ ಮನೆಯವರ ಅಕ್ಷರ. ಎಷ್ಟೋ ಸಲ ಆ ಮನೆಯವಳ ಹೆಸರು ಬೇರೆ ಯಾವ ವಸ್ತುವಿನ ಮೇಲೂ ಉಳಿದಿರುವುದಿಲ್ಲ. ಮೊದಲ ಸಲ ಕರಗಿಸಿದಾಗ ಹೆಸರು ಸೇರಿತು, ಎರಡನೇ ಸಲ ಕರಗಿಸಿದರೆ ಹೆಸರು ಹೋಗುತ್ತದೆ. ಎರಡೂ ಒಂದೇ ಅಂತ ನನಗೆ ಹೇಳಬೇಡಿ.

ಮೊದಮೊದಲಿಗೆ ನಾಣ್ಯ ಮಾಡುವವನೂ ಚಮಚ ಮಾಡುವವನೂ ಒಬ್ಬನೇ. ಬಾಸ್ಟನ್ನಿನಲ್ಲಿ 1652ರಲ್ಲಿ ಟಂಕಸಾಲೆ ಶುರುವಾದಾಗ ಅದನ್ನು ವಹಿಸಿಕೊಂಡವರು ಜಾನ್ ಹಲ್ ಮತ್ತು ರಾಬರ್ಟ್ ಸ್ಯಾಂಡರ್ಸನ್, ಇಬ್ಬರೂ ಬೆಳ್ಳಿ ಕೆಲಸದವರು. ಬ್ಯಾಂಕು ಇಲ್ಲದ ಊರು, ಇದ್ದ ಬೆಳ್ಳಿಯೆಲ್ಲ ಮನೆಯಲ್ಲೇ. ನಾಣ್ಯ ಕಳುವಾದರೆ ಇದು ನನ್ನದು ಅಂತ ಹೇಗೆ ಹೇಳುತ್ತೀರಿ? ಚಮಚ ಕಳುವಾದರೆ ಹೇಳಬಹುದು. ಮುಂದೆ ಪತ್ರಿಕೆಗಳು ಬಂದ ಮೇಲೆ, ಇಂಥ ಮುದ್ರೆ, ಇಂಥ ಅಕ್ಷರ ಅಂತ ಪತ್ರಿಕೆಯಲ್ಲಿ ಜಾಹೀರಾತು ಕೊಡುತ್ತಿದ್ದರು. ನಮ್ಮಲ್ಲಿ ಮದುವೆಗೆ ಕೊಟ್ಟ ಸ್ಟೀಲ್ ಪಾತ್ರೆಗೆ ಹೆಸರು ಕೊರೆಸುವುದಿಲ್ಲವೇ, ಇಂಥವರಿಂದ ಇಂಥವರಿಗೆ, ತಾರೀಕಿನ ಸಮೇತ? ಬಾಡಿಗೆ ಮನೆ ಬದಲಾಯಿಸಿದರೂ, ಪಕ್ಕದ ಮನೆಗೆ ಹುಳಿ ಹಾಕಿ ಕಳಿಸಿದರೂ ಪಾತ್ರೆ ವಾಪಸ್ ಬರುತ್ತದೆ. ಇವರೂ ಅದನ್ನೇ ಮಾಡಿದರು. ಹಳೇ ಚಮಚಗಳಲ್ಲಿ ಮೂರು ಅಕ್ಷರ ತ್ರಿಕೋನವಾಗಿ ಇದ್ದರೆ, ಮೇಲಿನದು ಮನೆತನದ್ದು, ಕೆಳಗಿನ ಎರಡು ಗಂಡ ಹೆಂಡಿರದ್ದು. ಆಮೇಲಿನ ಕಾಲದಲ್ಲಿ ಮದುಮಗಳ ತವರಿನ ಹೆಸರಿನ ಅಕ್ಷರಗಳೇ ಹೆಚ್ಚು.

ಬೆಂಜಮಿನ್ ಫ್ರಾಂಕ್ಲಿನ್ನನ ಚಮಚದ ಕಥೆ ಹೇಳದೆ ನಾನು ಯಾವ ಸಭೆಯಿಂದಲೂ ಇಳಿದವನಲ್ಲ. ಕೇಳಿದವರು ಇನ್ನೊಮ್ಮೆ ಕೇಳಿ. ಫಿಲಡೆಲ್ಫಿಯಾದಲ್ಲಿ ಆಗ ಅವನು ಹೊಸದಾಗಿ ಸಂಸಾರ ಹೂಡಿದ ಮುದ್ರಕ. ದುಂದು ಅಂದರೆ ಆಗದು. ಮನೆಯಲ್ಲಿ ಸುಮ್ಮನೆ ಕೂರುವ ಆಳಿಲ್ಲ, ಪೀಠೋಪಕರಣವೆಲ್ಲ ಅಗ್ಗದ್ದು. ಬೆಳಗಿನ ತಿಂಡಿ ಹಾಲು ಬ್ರೆಡ್ಡು. ಚಹಾ ಕೂಡ ಇಲ್ಲ. ಅದನ್ನೂ ಎರಡು ಪೆನ್ನಿಯ ಮಣ್ಣಿನ ಬಟ್ಟಲಲ್ಲಿ, ಪ್ಯೂಟರ್ ಅನ್ನುವ ಅಗ್ಗದ ತವರ ಮಿಶ್ರಲೋಹದ ಚಮಚದಲ್ಲಿ ತಿನ್ನುತ್ತಿದ್ದ. ಹೀಗೆ ಬಹಳ ದಿನ ನಡೆಯಿತು. ಒಂದು ಬೆಳಿಗ್ಗೆ ತಿಂಡಿಗೆ ಕರೆದರು, ಬಂದು ಕೂತ. ನೋಡಿದರೆ ಎದುರಿಗೆ ಪಿಂಗಾಣಿ ಬಟ್ಟಲು, ಅದರಲ್ಲಿ ಬೆಳ್ಳಿ ಚಮಚ! ಹೆಂಡತಿ ಡೆಬೊರಾ ಅವನಿಗೆ ತಿಳಿಸದೆ ಕೊಂಡುತಂದಿದ್ದಳು. ಎಷ್ಟು ಕೊಟ್ಟಳು? 23 ಷಿಲಿಂಗು. ಅವನ ಕಣ್ಣಿಗೆ ಅದು ಭಾರೀ ಮೊತ್ತ. ಅವಳು ಕ್ಷಮೆ ಕೇಳಲಿಲ್ಲ, ನೆಪ ಹೇಳಲಿಲ್ಲ. ಅಕ್ಕಪಕ್ಕದ ಗಂಡಂದಿರಿಗೆಲ್ಲ ಇರುವಾಗ ನನ್ನ ಗಂಡನಿಗೂ ಬೆಳ್ಳಿ ಚಮಚ, ಪಿಂಗಾಣಿ ಬಟ್ಟಲು ಇರಲೇಬೇಕು ಅಂತ ಅವಳ ವಾದ. ಇಷ್ಟನ್ನೂ ಅವನೇ ಬರೆದುಕೊಂಡಿದ್ದಾನೆ. ಆ ಮನೆಗೆ ಬೆಳ್ಳಿ ಕಾಲಿಟ್ಟದ್ದು ಅವತ್ತೇ. ಮುಂದೆ ಸಿರಿ ಹೆಚ್ಚಿದಂತೆ ಅದು ನೂರಾರು ಪೌಂಡು ಬೆಲೆಯ ಸಾಮಾನಾಗಿ ಬೆಳೆಯಿತಂತೆ. ಮಿತವ್ಯಯದ ಮೇಲೆ ಇಡೀ ದೇಶಕ್ಕೆ ಪಾಠ ಹೇಳಿದವನು ಒಂದು ಚಮಚಕ್ಕೆ ಸೋತ. ನಮ್ಮ ಮನೆಯಲ್ಲಿ ಈ ಕಥೆಯ ಪಾತ್ರಗಳು ಅದಲುಬದಲು, ಅಷ್ಟೇ.

ಆದರೆ ನನ್ನ ತಕರಾರು ಬೇರೆ. ಫ್ರಾಂಕ್ಲಿನ್ ಬೆಲೆ ಬರೆದ, ಹೆಂಡತಿಯ ವಾದ ಬರೆದ, ಚಮಚ ಮಾಡಿದವನ ಹೆಸರು ಬರೆಯಲಿಲ್ಲ. ಅದೂ ಎಂಥ ಊರಲ್ಲಿ? ಫಿಲಿಪ್ ಸಿಂಗ್ ಎಂಬ ಬೆಳ್ಳಿ ಕೆಲಸಗಾರ ಅವನ ಗೆಳೆಯರ ಬಳಗದವನೇ. ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕುವಾಗ ಮುಂದಿದ್ದ ಬೆಳ್ಳಿ ಮಸಿಸ್ಟ್ಯಾಂಡು ಅವನ ಕೈಕೆಲಸ, 1752ರದ್ದು, ಇವತ್ತಿಗೂ ಫಿಲಡೆಲ್ಫಿಯಾದಲ್ಲಿದೆ. ಆ ಚಮಚವನ್ನೂ ಸಿಂಗನೇ ಮಾಡಿರಬಹುದು ಅಂತ ಹೇಳಲು ಯಾರಿಗಾದರೂ ನಾಲಿಗೆ ತುರಿಸುತ್ತದೆ. ಹೇಳುವಂತಿಲ್ಲ. ಚಮಚ ಕೈಗೆ ಬಂದು ತಿರುವಿ ನೋಡಿದರೆ ಮಾತ್ರ ಹೇಳಬಹುದು. ಅದಕ್ಕೇ ನಾನು ತಿರುವಿ ನೋಡಿ ಅಂತ ಬಡಕೊಳ್ಳುವುದು.

ತಿರುವಿದರೆ ಎಲ್ಲವೂ ಸತ್ಯ ಹೇಳುತ್ತದೆಯೇ? ಇಲ್ಲ. ಇಂಗ್ಲೆಂಡಿನಲ್ಲಿದ್ದ ಹಾಗೆ ಇಲ್ಲಿ ಬೆಳ್ಳಿಯ ಶುದ್ಧತೆ ನೋಡಿ ಮುದ್ರೆ ಒತ್ತುವ ಪರೀಕ್ಷಾ ಕಚೇರಿಗಳ ಏರ್ಪಾಡು ದೇಶಕ್ಕೆಲ್ಲ ಇರಲಿಲ್ಲ. ಬಾಲ್ಟಿಮೋರ್ ನಗರವೊಂದು 1814ರಲ್ಲಿ ಕಡ್ಡಾಯ ಪರೀಕ್ಷೆ ತಂದಿತು, 1830ಕ್ಕೆ ಅದೂ ನಿಂತಿತು. ಉಳಿದ ಕಡೆ ಕೆಲಸಗಾರನ ಹೆಸರೇ ಜಾಮೀನು. ಹಾಗಾಗಿ ಇಂಗ್ಲಿಷ್ ಮಾಲಿನ ಗತ್ತು ಬರಲಿ ಅಂತ ಕೆಲವರು ಸಿಂಹ, ರಾಜನ ತಲೆ, ಒಂದು ಅಕ್ಷರ ಹೀಗೆ ಸಾಲಾಗಿ ಹುಸಿ ಮುದ್ರೆ ಒತ್ತಿದರು. ಹೊಸಬರು ಅದನ್ನು ನೋಡಿ ಲಂಡನ್ನಿನದು ಅಂದುಕೊಳ್ಳುತ್ತಾರೆ. ‘ಕಾಯಿನ್’, ‘ಪ್ಯೂರ್ ಕಾಯಿನ್’, ‘ಡಾಲರ್’, ‘ಸ್ಟ್ಯಾಂಡರ್ಡ್’ ಅನ್ನುವ ಮುದ್ರೆಗಳೂ ಇವೆ. ಇವು ಇಲ್ಲದಿದ್ದರೆ ಬೆಳ್ಳಿಯಲ್ಲ ಅಂದುಕೊಳ್ಳಬೇಡಿ, ಬರೀ ಹೆಸರು ಒತ್ತಿದ ಚಮಚಗಳೇ ಹೆಚ್ಚು. ಇನ್ನೊಂದು ಮಾತು: 1830ರ ಆಚೆಗೆ ಬೆನ್ನ ಮೇಲಿರುವ ಹೆಸರು ಎಷ್ಟೋ ಸಲ ಮಾರಿದ ಅಂಗಡಿಯವನದು. ಜೇಬಜ್ ಗೋರಮ್ ಪ್ರಾವಿಡೆನ್ಸಿನಲ್ಲಿ 1831ರಲ್ಲಿ ಚಮಚ ಮಾಡಲು ಕೂತ ಹೊತ್ತಿಗೆ ಸಗಟು ಕಾಲ ಶುರುವಾಗಿತ್ತು. ಯಾವುದೋ ಸಣ್ಣ ಊರಿನ ಗಡಿಯಾರದ ಅಂಗಡಿಯವನು ಡಜನ್‌ಗಟ್ಟಲೆ ತರಿಸಿ ತನ್ನ ಹೆಸರು ಒತ್ತಿ ಮಾರುತ್ತಿದ್ದ. ಅದಕ್ಕೆ ಬೆಲೆ ಇಲ್ಲ ಅನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಆ ಊರಲ್ಲಿ ಆ ವರ್ಷ ಅಂಥದೊಂದು ಅಂಗಡಿ ಇತ್ತು ಅನ್ನುವುದಕ್ಕೆ ಅದೇ ದಾಖಲೆ.

ಬೆನ್ನು ಮುಚ್ಚಿಡುವ ಸತ್ಯವೂ ಇದೆ, ಅದನ್ನು ಬಿಟ್ಟು ಹೋದರೆ ತಪ್ಪಾಗುತ್ತದೆ. ಚಾರ್ಲ್‌ಸ್ಟನ್ನಿನಲ್ಲಿ ಅಲೆಗ್ಸಾಂಡರ್ ಪೆಟ್ರಿ ಅಂತ ಹೆಸರುವಾಸಿ ಕೆಲಸಗಾರ. 1768ರಲ್ಲಿ ಅವನ ಆಸ್ತಿ ವಿಲೇವಾರಿಯಾದಾಗ ಅಬ್ರಹಾಂ ಎಂಬ ಗುಲಾಮ, ಸ್ವತಃ ಬೆಳ್ಳಿ ಕೆಲಸ ಬಲ್ಲವನು, ಮತ್ತೊಬ್ಬ ಆಭರಣ ವ್ಯಾಪಾರಿಗೆ ಮಾರಾಟವಾದ. ಪೆಟ್ರಿಯ ಮುದ್ರೆ ಇರುವ ಸಾಮಾನಿನಲ್ಲಿ ಅಬ್ರಹಾಮನ ಸುತ್ತಿಗೆ ಎಷ್ಟಿದೆಯೋ, ಮುದ್ರೆ ಹೇಳುವುದಿಲ್ಲ. ಪೀಟರ್ ಬೆಂಟ್ಸನ್ ಬೇರೆ ಥರ. ವೆಸ್ಟ್ ಇಂಡೀಸಿನ ಸೇಂಟ್ ಥಾಮಸ್ ದ್ವೀಪದಲ್ಲಿ ಹುಟ್ಟಿದ, ಆಫ್ರಿಕನ್ ಮೂಲದ ಸ್ವತಂತ್ರ ಮನುಷ್ಯ. ಫಿಲಡೆಲ್ಫಿಯಾದಲ್ಲಿ ಕೆಲಸ ಕಲಿತು, ತನ್ನದೇ ಮುದ್ರೆ ಒತ್ತಿದ. ಅವನ ಮುದ್ರೆಯ ಸಾಮಾನು ಸಿಕ್ಕರೆ ಮ್ಯೂಸಿಯಂಗಳು ಕೈ ಚಾಚುತ್ತವೆ. ಅಂಥ ಒಂದು ಚಮಚವನ್ನೂ ತಕ್ಕಡಿ ಬೇರೆ ಚಮಚದ ಹಾಗೇ ತೂಗುತ್ತದೆ.

ನಗುವುದಕ್ಕೂ ಒಂದು ಕಥೆ ಬೇಕಲ್ಲ. ಅಂತರ್ಯುದ್ಧದಲ್ಲಿ, 1862ರಲ್ಲಿ, ಉತ್ತರದ ಸೇನೆ ನ್ಯೂ ಆರ್ಲಿಯನ್ಸ್ ಹಿಡಿದಾಗ ಆಡಳಿತಕ್ಕೆ ಕೂತವನು ಜನರಲ್ ಬೆಂಜಮಿನ್ ಬಟ್ಲರ್. ಒಬ್ಬ ಹೆಂಗಸು ಗಡಿ ದಾಟುವಾಗ 38 ತುಂಡಿನ ಬೆಳ್ಳಿ ಸೆಟ್ಟು ಒಯ್ಯುತ್ತಿದ್ದಳು. ಅವಳ ಪಾಸಿನಲ್ಲಿ ಉಟ್ಟ ಬಟ್ಟೆಗೆ ಮಾತ್ರ ಅನುಮತಿ. ಬಟ್ಲರ್ ಸೆಟ್ಟು ಜಪ್ತಿ ಮಾಡಿಸಿದ. ಅಷ್ಟೇ, ‘ಸ್ಪೂನ್ಸ್ ಬಟ್ಲರ್’ ಅನ್ನುವ ಅಡ್ಡಹೆಸರು ಅಂಟಿತು. ಮುಂದೆ ಮ್ಯಾಸಚೂಸೆಟ್ಸಿನ ಗವರ್ನರ್ ಆದ, 1884ರಲ್ಲಿ ಅಧ್ಯಕ್ಷ ಪದವಿಗೂ ನಿಂತ, ಚಮಚ ಬೆನ್ನು ಬಿಡಲಿಲ್ಲ. ದಕ್ಷಿಣದ ಕಡೆ ಯಾರ ಮನೆಗೆ ಹೋಗಿ, ಅವರ ಬೆಳ್ಳಿಯನ್ನು ಸೈನಿಕರಿಗೆ ಸಿಗದಂತೆ ಹಿತ್ತಲಲ್ಲಿ ಹೂತಿಟ್ಟಿದ್ದರು ಅನ್ನುತ್ತಾರೆ. ಕೆಲವರದು ನಿಜ. ಕೆಲವರ ಚಮಚ ತಿರುವಿದರೆ ‘ಸ್ಟರ್ಲಿಂಗ್’ ಅಂತ ಇರುತ್ತದೆ, ಜತೆಗೆ 1890ರ ಪೇಟೆಂಟ್ ತಾರೀಕು. ಯುದ್ಧ ಮುಗಿದು ಕಾಲು ಶತಮಾನವಾದ ಮೇಲೆ ಯಾರಿಗೆ ಹೆದರಿ ಹೂತರೋ! ನಾನು ಬಾಯಿ ಮುಚ್ಚಿಕೊಂಡು ಚಹಾ ಕುಡಿಯುತ್ತೇನೆ.

ಚೀಟಿ ಬಂತು. ಹತ್ತು ನಿಮಿಷ ಅಂತಿದೆಯೋ ಎರಡು ಅಂತಿದೆಯೋ... ಎರಡೇ. ಬಡಿಸುವ ಸಾಮಾನಿನ ಮೇಲೆ ಅರ್ಧ ಗಂಟೆ ಇಟ್ಟುಕೊಂಡಿದ್ದೆ. ಸೂಪಿನ ಸೌಟು, ಸಕ್ಕರೆ ಚಿಮಟ, ಸಾಸಿವೆ ಚಮಚ, ಮೀನು ಬಡಿಸುವ ಅಗಲದ ಅಲಗು. ಉಪ್ಪಿನ ಚಮಚದ ಕುಳಿಗೆ ಚಿನ್ನದ ಲೇಪ ಯಾಕೆ ಅಂದರೆ ಉಪ್ಪು ಬೆಳ್ಳಿಯನ್ನು ತಿನ್ನುತ್ತದೆ. ಇವುಗಳಲ್ಲಿ ಸೌಟಿಗೇ ಗಂಡಾಂತರ ಹೆಚ್ಚು. ಭಾರ ಇದೆ, ಅಲಂಕಾರ ಇಲ್ಲ, ಕುಲುಮೆಗೆ ಮೊದಲು ಹೋಗುವುದು ಅದೇ. ಕೊಳ್ಳುವುದಾದರೆ ಸೌಟು ಕೊಳ್ಳಿ.

ಆಕಾರ ನೋಡಿ ಕಾಲ ಹೇಳುವುದು: ಶವಪೆಟ್ಟಿಗೆಯ ತಲೆಯಂತೆ ಕತ್ತರಿಸಿದ ಹಿಡಿ ಇದ್ದರೆ 1800ರ ಆಸುಪಾಸು. ಪಿಟೀಲಿನ ಆಕಾರ ಆಮೇಲಿನದು. ಹಿಡಿಯ ಮೇಲೆ ಹೂಬುಟ್ಟಿ, ಗೋಧಿಯ ಸಿವುಡು ಇದ್ದರೆ ಹೆಚ್ಚುಕಡಿಮೆ 1810ರಿಂದ 1830ರ ದಶಕ. ಫೋರ್ಕು ಹೆಚ್ಚಾಗಿ ಬಂದದ್ದು ಇನ್ನೂ ತಡವಾಗಿ. ಚಮಚದ ತುದಿ ಎಡಕ್ಕೆ ಸವೆದಿದ್ದರೆ ಬಲಗೈಯವರು ಬಳಸಿದ್ದಾರೆ ಅಂತ. ಅದು ಸಹಜ, ಬೇಡ ಅನ್ನಬೇಡಿ. ಹಿಡಿಯ ಮೇಲೆ ಬೆರಳಾಡಿಸಿದಾಗ ಒಂದು ಕಡೆ ತೆಳುವಾಗಿದ್ದರೆ ಅಕ್ಷರ ಉಜ್ಜಿ ತೆಗೆದಿದ್ದಾರೆ ಅಂತ. ಅದನ್ನು ಮಾತ್ರ ಬೇಡ ಅನ್ನಿ. ಬೇರೆಯವರ ಅಕ್ಷರ ನಮಗ್ಯಾಕೆ ಅಂತ ಉಜ್ಜಿಸುವವರು ಈ ಸಭೆಯಲ್ಲೂ ಇದ್ದಾರೆ, ಹೆಸರು ಹೇಳುವುದಿಲ್ಲ.

‘1847 ರಾಜರ್ಸ್ ಬ್ರದರ್ಸ್’ ಅಂತ ಇದ್ದರೆ 1847ರ ಚಮಚ ಅಂತ ಹಿಗ್ಗಬೇಡಿ, ಅದು ಬ್ರ್ಯಾಂಡಿನ ಹೆಸರು, ಗಿಲೀಟು ಮಾಲು. ಜರ್ಮನ್ ಸಿಲ್ವರಿನಲ್ಲಿ ಬೆಳ್ಳಿ ಇಲ್ಲ ಅನ್ನುವುದು ನಿಮಗೆ ಊರಿನಿಂದಲೇ ಗೊತ್ತು. ಡಿಶ್‌ವಾಶರಿಗೆ ಹಾಕಬೇಡಿ, ರಬ್ಬರ್ ಬ್ಯಾಂಡ್ ಸುತ್ತಿಡಬೇಡಿ, ಕಪ್ಪಾಗುತ್ತದೆ. ದಿನಾ ಬಳಸಿದರೆ ಅಷ್ಟು ಬೇಗ ಕಪ್ಪಾಗುವುದಿಲ್ಲ. ಇದರಲ್ಲಿ ಊಟ ಮಾಡಬಹುದೇ ಅಂತ ಯಾವಾಗಲೂ ಕೇಳುತ್ತಾರೆ. ಮತ್ತಿನ್ನೇನು ಮಾಡುತ್ತೀರಿ, ಮೊಸರನ್ನಕ್ಕೆ ಬಹಳ ಚೆನ್ನಾಗಿರುತ್ತದೆ.

ಆಯಿತು, ಇಳಿಯುತ್ತೇನೆ. ಹಿಂದಿನ ಮೇಜಿನ ಮೇಲೆ ಒಂದಷ್ಟು ಹರಡಿಟ್ಟಿದ್ದೇನೆ, ಕೈಗೆತ್ತಿಕೊಂಡೇ ನೋಡಿ. ಭೂತಗನ್ನಡಿ ಒಂದೇ ಇದೆ, ಸಾಲಾಗಿ ಬನ್ನಿ. ಮಧ್ಯೆ ಕೆಲವು ಗಿಲೀಟು ಚಮಚ ಬೇಕೆಂದೇ ಸೇರಿಸಿದ್ದೇನೆ. ಕಂಡುಹಿಡಿದವರಿಗೆ ಕಾಫಿ ನನ್ನ ಲೆಕ್ಕದಲ್ಲಿ. ಇಲ್ಲಿ ಕಾಫಿ ಹೇಗೂ ಪುಕ್ಕಟೆ ಅಂತ ಖಜಾಂಚಿಗಳು ಹೇಳಿದ ಮೇಲೇ ಈ ಮಾತು ಕೊಡುತ್ತಿದ್ದೇನೆ.